ನಾಲ್ಕನೇ ಖೋಲಿಯ ಬೆಲ್ಲು

ನಂಬಿ ಅಂತ ನಾನು ಯಾರಿಗೂ ಜುಲುಮೆ ಮಾಡುವುದಿಲ್ಲ. ಆದರೆ ಇದು ಕಟ್ಟಿದ ಕಥೆಯಾಗಿದ್ದರೆ ಅದರೊಳಗೆ ನಾನು ಇಷ್ಟು ಸಣ್ಣವಳಾಗಿ ಕಾಣುತ್ತಿರಲಿಲ್ಲ. ಅಷ್ಟು ಮಾತ್ರ ಹೇಳಬಲ್ಲೆ.

ನಾನು ಕರೋಶಿಯವಳು. ಮೊಬೈಲು ಇನ್ನೂ ಎಲ್ಲರ ಕೈಗೆ ಬಂದಿರದ ಕಾಲದಲ್ಲಿ ಚಿಕ್ಕೋಡಿ ಕಡೆಯ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದೆ. ಡಾಕ್ಟರ ಹೆಸರು ಬೇಡ, ನಾವು ಸಾಹೇಬರು ಅಂತಿದ್ದೆವು. ಕೈಗುಣ ಚಲೋ ಎಂದು ರಾಯಬಾಗ, ಅಥಣಿಯಿಂದಲೂ ಜನ ಬರುತ್ತಿದ್ದರು. ಆಮೇಲೆ ಸಾಹೇಬರಿಗೆ ರಾಜಕೀಯದ ರುಚಿ ಹತ್ತಿತು.

ಜಿಲ್ಲಾ ಪಂಚಾಯ್ತಿ ಟಿಕೆಟ್ಟಿಗಾಗಿ ಅವರು ಓಡಾಡುತ್ತಿದ್ದ ದಿನಗಳಲ್ಲಿ ದಿಗ್ಗೇವಾಡಿಯ ಶೋಭಾ ಚೊಚ್ಚಲ ಹೆರಿಗೆಗೆ ಬಂದಳು. ಜೊತೆಗೆ ಅವಳ ತಾಯಿ. ಸಂಜೆ ಆಪರೇಷನ್ ಆಗಿ ಗಂಡು ಕೂಸು ಹುಟ್ಟಿತು. ಕೈ ತೊಳೆದುಕೊಂಡವರೇ ಸಾಹೇಬರು ನಿಪ್ಪಾಣಿಗೆ ಮೀಟಿಂಗಿಗೆ ಹೋದರು.

ಒಂಬತ್ತಕ್ಕೆ ಶೋಭಾಗೆ ರಕ್ತ ಹೋಗತೊಡಗಿತು. ಸಾಹೇಬರಿಗೆ ಫೋನ್ ಮಾಡಿದೆ. ಒಂದು ಇಂಜೆಕ್ಷನ್ ಹೇಳಿ, ಬರುತ್ತೇನೆ ಅಂದರು. ದೊಡ್ಡ ಆಸ್ಪತ್ರೆಗೆ ಕಳಿಸಲೇನ್ರಿ ಎಂದು ಕೇಳಿದರೆ, ತಾವು ಬರುವವರೆಗೆ ಕದಲಿಸಬೇಡ ಅಂದರು. ಮತ್ತೆ ಮಾಡಿದೆ... ಎತ್ತಲಿಲ್ಲ.

ಶೋಭಾ ಒಂದೇ ಮಾತು ಕೇಳುತ್ತಿದ್ದಳು. "ಅಕ್ಕಾರ, ಡಾಕ್ಟರ್ ಬಂದ್ರೇನ್ರಿ?"

ದಾರಿಯಲ್ಲಿದ್ದಾರೆ ಅಂತ ನಾನು ಹೇಳುತ್ತಿದ್ದೆ. ಹನ್ನೆರಡರ ಹೊತ್ತಿಗೆ ಅವಳು ಕೇಳುವುದು ನಿಂತಿತು.

ಸಾಹೇಬರು ಬಂದದ್ದು ಒಂದೂವರೆಗೆ. ಮೊದಲು ಶೋಭಾಳನ್ನು ನೋಡಿದರು, ಆಮೇಲೆ ಕೇಸ್ ಶೀಟ್ ನೋಡಿದರು. ಹೊಸ ಹಾಳೆ ಕೊಟ್ಟು, ಒಂಬತ್ತೂವರೆಯಿಂದ ತಾವು ಅಲ್ಲೇ ಇದ್ದಂತೆ ಬರೆ ಎಂದರು. ಗದರಲಿಲ್ಲ.

"ನಿನ್ನ ಮ್ಯಾಲೂ ಬರತೈತಿ. ವಿಚಾರ ಮಾಡು," ಅಂದರು, ಅಷ್ಟೇ.

ಬರೆದೆ. ಕೆಳಗೆ ಸಹಿಯನ್ನೂ ಹಾಕಿದೆ.

ಮನೆಯವರು ದೂರು ಕೊಟ್ಟರು. ವಿಚಾರಣೆಗೆ ಬಂದವರ ಮುಂದೆ, ಶೋಭಾಳ ತಾಯಿಯ ಎದುರಿಗೇ, ಡಾಕ್ಟರು ಇದ್ದರು ಎಂದೆ. ತಾನು ರಾತ್ರಿಯಿಡೀ ಆಸ್ಪತ್ರೆಯ ಬಾಗಿಲ ಹೊರಗಿನ ಬೆಂಚಿನ ಮೇಲೇ ಕೂತಿದ್ದೆ, ಒಂದೂವರೆಗಿಂತ ಮೊದಲು ಅವರು ಬಂದದ್ದು ನೋಡಲಿಲ್ಲವಲ್ಲ ಎಂದಳು ಆಕೆ. ಹಿಂದಿನ ಬಾಗಿಲಿನಿಂದ ಬಂದಿದ್ದರು ಎಂದೆ. ಆಕೆ ನನ್ನ ಮುಖವನ್ನೇ ನೋಡಿದಳು. ದೂರು ಅಲ್ಲಿಗೇ ನಿಂತಿತು. ಸಾಹೇಬರು ಎಲೆಕ್ಷನ್ ಗೆದ್ದರು.

ಆಸ್ಪತ್ರೆಯ ಮಹಡಿಯ ಮೇಲೆ ಅವರ ಪಕ್ಷದ ಆಫೀಸಾಯಿತು. ಶೋಭಾ ತೀರಿಕೊಂಡ ನಾಲ್ಕನೇ ಖೋಲಿ ಅಲ್ಲೇ ಇತ್ತು. ಮಂಚ ತೆಗೆದು ಪೋಸ್ಟರಿನ ಕಟ್ಟುಗಳನ್ನು ತುಂಬಿದ್ದರು.

ಗೆದ್ದು ಎರಡು ತಿಂಗಳಾಗಿರಬೇಕು. ನನ್ನದು ರಾತ್ರಿ ಪಾಳಿ. ಕೆಳಗೆ ಒಬ್ಬಳೇ ಬಾಣಂತಿ, ಅವಳ ಪಕ್ಕ ಅವಳ ಅತ್ತೆ. ಕರೆಂಟು ಹೋಗಿತ್ತು. ಸೊಳ್ಳೆ ಹೊಡೆಯುತ್ತಾ ಕೂತಿದ್ದೆ...

ಟೇಬಲ್ ಮೇಲಿನ ಬೆಲ್ಲು ಹೊಡೆಯಿತು.

ಯಾವ ಖೋಲಿಯಿಂದ ಕರೆ ಎಂದು ತೋರಿಸುವ ಬೋರ್ಡಿನಲ್ಲಿ ನಾಲ್ಕನೇ ಕೆಂಪು ದೀಪ ಹೊತ್ತಿತ್ತು. ಕರೆಂಟೇ ಇಲ್ಲ... ದೀಪ ಹೇಗೆ ಹೊತ್ತಿತು?

ಯಾಕೆ ಮೇಲೆ ಹೋದೆನೋ ತಿಳಿಯದು. ಬೆಲ್ಲಾದರೆ ಎದ್ದು ಹೋಗುವುದು ಕಾಲಿಗೇ ರೂಢಿ. ಬಾಗಿಲು ತೆಗೆದರೆ ಹಸಿ ರಕ್ತದ ವಾಸನೆ. ಬ್ಯಾಟರಿ ಬಿಟ್ಟಲ್ಲೆಲ್ಲ ಸಾಹೇಬರ ಮುಖ, ಕೈಮುಗಿದು ನಗುತ್ತಿತ್ತು. ಆ ಕಟ್ಟುಗಳ ಆಚೆ, ಮಂಚವಿದ್ದ ಜಾಗದಲ್ಲಿ, ಯಾರೋ ಉಸಿರೆಳೆಯುವ ಸಪ್ಪಳ...

"ಅಕ್ಕಾರ... ಡಾಕ್ಟರ್ ಬಂದ್ರೇನ್ರಿ?"

ಓಡಬೇಕಿತ್ತು. ಇಲ್ಲ, ಕೈಮುಗಿದು ತಪ್ಪಾಯಿತು ಅನ್ನಬೇಕಿತ್ತು. ಕೇಳುವವರು ಬೇರೆ ಯಾರೂ ಇರಲಿಲ್ಲ. ಆದರೆ ನನ್ನ ಬಾಯಿಂದ ಬಂದದ್ದು ವಿಚಾರಣೆಯಲ್ಲಿ ಹೇಳಿದ ಮಾತೇ.

"ಬಂದಿದ್ರವ್ವಾ. ಹಿಂದಿನ ಬಾಗಲದಿಂದ."

ಮತ್ತೆ ಅದೇ ಉಸಿರಿನ ಸಪ್ಪಳ. ಆಮೇಲೆ...

"ಹೌದ್ರಿ? ನನಗ ಕಾಣಲಿಲ್ಲ ನೋಡ್ರಿ."

ಆ ದನಿಯಲ್ಲಿ ಸಿಟ್ಟಿರಲಿಲ್ಲ. ನನ್ನ ಮಾತು ನಂಬಿದವಳ ದನಿ ಅದು.

ಕೆಳಗೆ ಬಂದಾಗ ಬಾಣಂತಿಯ ಅತ್ತೆ ಎದ್ದು ಕೂತಿದ್ದಳು. ಮೇಲೆ ಇನ್ನೊಬ್ಬ ಪೇಷಂಟ್ ಇದ್ದಾಳೇನು, ನೀವಿಬ್ಬರೂ ಮಾತಾಡಿದ್ದು ಕೇಳಿಸಿತು ಎಂದಳು. ನಾನು ಬಾಣಂತಿಯ ನಾಡಿ ನೋಡಲು ಕೂತೆ.

ವಾರದೊಳಗೆ ಕೆಲಸ ಬಿಟ್ಟೆ. ಎಲ್ಲ ಹೇಳಿಬಿಡಬೇಕು ಎಂದು ದಿಗ್ಗೇವಾಡಿಗೆ ಹೋದೆ. ಶೋಭಾಳ ತಾಯಿ ಮೊಮ್ಮಗನನ್ನು ಕಾಲ ಮೇಲೆ ಮಲಗಿಸಿಕೊಂಡು ಕೂತಿದ್ದಳು. ನನ್ನನ್ನು ಕಂಡು ಬಯ್ಯಲಿಲ್ಲ. ಚಾಪೆ ಹಾಸಿದಳು, ಚಹಾ ಮಾಡಿ ಕೊಟ್ಟಳು. ಆಮೇಲೆ ತಾನಾಗಿಯೇ ಹೇಳಿದಳು.

"ದಿನಾ ಕನಸಿನ್ಯಾಗ ಬಂದು, ಡಾಕ್ಟರ್ ಬರಲಿಲ್ಲವ್ವಾ ಅಂತ ಅಳತಿದ್ಲರಿ. ಹೋದ ವಾರ ಬಂದಾಕಿ ಅಳಲಿಲ್ಲ. ಬಂದಿದ್ರಂತವ್ವಾ, ಅಕ್ಕಾರ ಹೇಳಿದ್ರು ಅಂದ್ಲು. ಆವತ್ತಿನಿಂದ ಬರೂದ ಬಿಟ್ಟಾಳ."

ಹಾಗೆ ಹೇಳಿ ನನಗೆ ಕೈಮುಗಿದಳು. ನಿಮ್ಮ ಮೇಲೆ ಸಂಶಯ ಪಟ್ಟಿದ್ದೆ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದಳು.

ಚಹಾ ಕುಡಿದು, ಕೂಸಿನ ಕೆನ್ನೆ ಮುಟ್ಟಿ, ಎದ್ದು ಬಂದೆ. ಹೇಳಲಿಲ್ಲ. ಇಷ್ಟು ವರ್ಷವಾಯಿತು... ಇನ್ನೂ ಹೇಳಿಲ್ಲ.