ಬಾಗಿಲಿಗೆ ಬೆನ್ನು ಕೊಟ್ಟವಳು

ದೊಡ್ಡಾಸ್ಪತ್ರೆಯಲ್ಲಿ ಎಲ್ಲರಿಗೂ ಅವಳು ಲಿಫ್ಟಕ್ಕ. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಮಾತ್ರ ನೆನಪಾಗುತ್ತಿತ್ತು, ಅದೂ ಗುಮಾಸ್ತರಿಗೆ. ಅವಳ ಹಳೆಯ ಲಿಫ್ಟಿಗೆ ಗುಂಡಿಗಳಿರಲಿಲ್ಲ, ಹಿತ್ತಾಳೆಯ ಹಿಡಿಯೊಂದಿತ್ತು. ಅತ್ತ ತಿರುಗಿಸಿದರೆ ಮೇಲೆ, ಇತ್ತ ತಿರುಗಿಸಿದರೆ ಕೆಳಗೆ, ನಡುವೆ ತಂದರೆ ನಿಲ್ಲುವುದು. ನಿಲ್ಲುವುದೇನೋ ನಿಲ್ಲುತ್ತಿತ್ತು, ಎಲ್ಲಿ ಅನ್ನುವುದೇ ಪ್ರಶ್ನೆ! ಒಂದು ಬೆರಳು ಮೇಲೆ ಕೆಳಗಾದರೂ ಸ್ಟ್ರೆಚರಿನ ಗಾಲಿ ಹೊಸ್ತಿಲಿಗೆ ದಡಕ್ಕೆಂದು ಬಡಿದು, ಹೊಲಿಗೆ ಹಾಕಿಸಿಕೊಂಡವರು ಅಯ್ಯಮ್ಮಾ ಎಂದು ಕೂಗಬೇಕು. ಲಿಫ್ಟಕ್ಕ ಮಾತ್ರ ನೆಲಕ್ಕೆ ನೆಲ ಕೂಡಿಸಿದ ಹಾಗೆ ನಿಲ್ಲಿಸುತ್ತಿದ್ದಳು. ಅದೂ ಬಾಗಿಲಿಗೆ ಬೆನ್ನು ಕೊಟ್ಟು!

ಅದು ಅವಳ ರೀತಿ. ಅಂಗಾತ ಮಲಗಿದವರಿಗೆ ಚಾವಣಿ ಬಿಟ್ಟರೆ ನೋಡಲು ಇನ್ನೇನಿದೆ, ಒಂದು ಮುಖವಾದರೂ ಇರಲಿ ಎಂದು ಅವರ ಕಡೆಗೇ ತಿರುಗಿ ನಿಲ್ಲುವಳು. "ಉಸಿರು ಬಿಡಿ, ಬಿಗಿ ಹಿಡ್ಕೋಬೇಡಿ. ನಾನಿದ್ದೀನಲ್ಲ, ಇನ್ನೇನು ಬಂದೇಬಿಡ್ತು" ಎನ್ನುವಳು.

ಸ್ಟ್ರೆಚರ್ ತಳ್ಳುವ ಮೀಸೆ ಮಾಮನಿಗೆ ಇದು ದಿನದ ತಮಾಷೆ.

"ಬಾಗ್ಲು ನೋಡದೇ ಓಡಿಸ್ತೀಯಲ್ಲ, ಬೆನ್ನಲ್ಲೇನು ಕಣ್ಣಿದ್ಯಾ?"

"ಕಾಲಲ್ಲಿದೆ. ನೀನು ಮೀಸೆ ತಿರುವೋದು ಬಿಟ್ಟು ನೆಟ್ಟಗೆ ತಳ್ಳು."

ಆಮೇಲೆ ಹೊಸ ಲಿಫ್ಟ್ ಬಂತು. ಫಳಫಳ ಹೊಳೆಯುವ ಉಕ್ಕಿನ ಗೋಡೆ, ತಾನೇ ತೆರೆದುಕೊಳ್ಳುವ ಬಾಗಿಲು, ಮಹಡಿ ಬಂತೆಂದು ಸಾರುವ ಹೆಣ್ಣುದನಿ. ಲಿಫ್ಟಕ್ಕನನ್ನು ನೆಲಮಾಳಿಗೆಗೆ, ಒಗೆದ ಹೊದಿಕೆ ಮಡಚಲು ಕಳಿಸಿದರು. ಅವಳಿಗೆ ಹೊಟ್ಟೆ ಉರಿದುಹೋಯಿತು. ಹೊಸದರೊಳಗೆ ಕಾಲಿಡಲೇ ಇಲ್ಲ ಪುಣ್ಯಾತ್ಗಿತ್ತಿ. ಏದುಸಿರು ಬಿಡುತ್ತ ಮೆಟ್ಟಿಲು ಹತ್ತುವಳು, "ಆ ಮಾತಾಡೋ ಡಬ್ಬಿಗೆ ಹೊಸ್ತಿಲು ಅಂದ್ರೇನು ಗೊತ್ತು?" ಎಂದು ಗೊಣಗುವಳು.

ಹಾಗಿರುವಾಗ ಒಂದು ಮಧ್ಯಾಹ್ನ ಅವಳ ತುಂಬು ಗರ್ಭಿಣಿ ಮಗಳಿಗೆ ರಕ್ತ ಹೋಗತೊಡಗಿ, ಅದೇ ಆಸ್ಪತ್ರೆಗೆ ಕರೆತಂದರು. ಡಾಕ್ಟರಮ್ಮ ನೋಡಿದವಳೇ, "ಈಗಲೇ ಮೇಲೆ ಆಪರೇಷನ್ ಥಿಯೇಟರಿಗೆ ಒಯ್ಯಬೇಕು. ಹುಷಾರು, ಸ್ವಲ್ಪಾನೂ ಅಲುಗಾಡಿಸಬೇಡಿ" ಎಂದಳು. ನೆಲಮಾಳಿಗೆಯಿಂದ ಓಡಿಬಂದ ಲಿಫ್ಟಕ್ಕ ಸ್ಟ್ರೆಚರಿನ ಕಂಬಿ ಹಿಡಿದುಕೊಂಡಳು. ಊರವರನ್ನೆಲ್ಲ ಅಲುಗದಂತೆ ಒಯ್ದವಳು ಈಗ ತನ್ನ ಕರುಳಕುಡಿಯನ್ನು, ಅದರ ಹೊಟ್ಟೆಯೊಳಗಿನ ಕುಡಿಯನ್ನು, ಆ ಡಬ್ಬಿಗೆ ಒಪ್ಪಿಸಬೇಕಾಗಿತ್ತು.

ಬಾಗಿಲು ಮುಚ್ಚಿಕೊಂಡಿತು. ಲಿಫ್ಟಕ್ಕನ ಬಲಗೈ ತಾನಾಗಿ ಗೋಡೆಗೆ ಹೋಗಿ, ಅಲ್ಲಿ ಇಲ್ಲದ ಹಿಡಿಯನ್ನು ತಿರುಗಿಸಿತು. ಕಣ್ಣು ಹೊಸ್ತಿಲಿಗೆ ಅಂಟಿಕೊಂಡಿತ್ತು. ದಡಕ್ಕೆಂದರೆ ಗತಿಯೇನು, ದೇವರೇ! ಹಾಗೆ ನೋಡುತ್ತ ನಿಂತವಳು ಮಗಳಿಗೆ ಬೆನ್ನು ಹಾಕಿದ್ದಳು, ಅದು ಅವಳಿಗೆ ಹೊಳೆಯಲೂ ಇಲ್ಲ.

"ಉಸಿರು ಬಿಡು ಮಗಳೇ, ಬಿಗಿ ಹಿಡ್ಕೋಬೇಡ. ನಾನಿದ್ದೀನಲ್ಲ, ಇನ್ನೇನು ಬಂದೇಬಿಡ್ತು."

ಯಾರ ಮಾತಿದು? ಲಿಫ್ಟಕ್ಕ ಪಕ್ಕಕ್ಕೆ ನೋಡಿದಳು. ಮೀಸೆ ಮಾಮ ಸ್ಟ್ರೆಚರಿನ ಹಿಂದಿನಿಂದ ನುಸುಳಿ ಬಂದು, ಬಾಗಿಲಿಗೆ ಬೆನ್ನು ಕೊಟ್ಟು, ಅವಳ ಮಗಳ ಮೇಲೆ ಬಾಗಿ ನಿಂತಿದ್ದ.

"ನೀನ್ಯಾವಾಗ ಕಲಿತ್ಯೋ ಇದನ್ನ?"

"ನೀನು ಕೆಳಗಿಳಿದ ಮಾರನೇ ದಿನವೇ. ಈಗ ನಾವೆಲ್ಲಾ ಹೀಗೇ ನಿಲ್ಲೋದು. ಈ ಕಡೆ ತಿರುಗೇ ತಾಯಿ, ಮಗಳು ನಿನ್ನ ಹುಡುಕ್ತಿದ್ದಾಳೆ."

ಲಿಫ್ಟಕ್ಕ ತಿರುಗಿದಳು. ಮಗಳ ಬಿಳಿಚಿದ ಮುಖದಲ್ಲಿ ಕಣ್ಣೆರಡೂ ಅವಳನ್ನು ಹಿಡಿದುಕೊಂಡವು. ಹಿಂದೆ ಬಾಗಿಲು ತೆರೆದದ್ದು ಗಾಳಿ ಬೀಸಿದಾಗಲೇ ಗೊತ್ತಾದದ್ದು. ಅವಳ ಕಾಲಿಗೂ ಗೊತ್ತಾಗದ ಹಾಗೆ ಲಿಫ್ಟು ನಿಂತಿತ್ತಲ್ಲ! ಗಾಲಿಗಳು ಹೊಸ್ತಿಲು ದಾಟಿದವು, ಒಂದು ಚಿಟಿಕೆಯಷ್ಟೂ ಸದ್ದಿಲ್ಲ. ಅಬ್ಬಬ್ಬಾ! ಅಷ್ಟು ಗಾಬರಿಯಲ್ಲೂ ಅವಳ ಮೈ ಜುಂ ಎಂದಿತು.

ಸಂಜೆ ನರ್ಸು ಹೊರಬಂದು ತಾಯಿ ಮಗು ಇಬ್ಬರೂ ಕ್ಷೇಮ ಎಂದಳು. ಲಿಫ್ಟಕ್ಕ ಗೊಳೋ ಎಂದು ಅತ್ತು, ಮೂಗೊರೆಸಿಕೊಂಡು, ಮನೆಯವರಿಗೆ ಸುದ್ದಿ ಹೇಳಲು ಹೊರಟವಳು ಮೆಟ್ಟಿಲ ಕಡೆ ಹೋಗಲಿಲ್ಲ. ಲಿಫ್ಟಿನೊಳಗೆ ಗಾಲಿಕುರ್ಚಿಯಲ್ಲಿ ಒಬ್ಬ ಮುದುಕಪ್ಪ, ಹಿಂದೆ ಬಿಮ್ಮನೆ ನಿಂತ ಸೊಸೆ. ಲಿಫ್ಟಕ್ಕ ಉಕ್ಕಿನ ಗೋಡೆಯನ್ನು ಮೆಲ್ಲನೆ ತಟ್ಟಿದಳು.

"ಜಾಣೆ ಕಣೇ ನೀನು. ಹೊಸ್ತಿಲು ನೀನೇ ನೋಡ್ಕೋ."

ಆಮೇಲೆ ಬಾಗಿಲಿಗೆ ಬೆನ್ನು ಕೊಟ್ಟು, ಮುದುಕಪ್ಪನ ಕಡೆ ತಿರುಗಿ ನಿಂತಳು.