ಪದ್ಮಿನಿ ಹಾಕಿದ್ದ ಕೊಂಡಿ

ಕೊಂಡಿ ಹಾಕದೆ ಬಿಟ್ಟವಳು ನನ್ನ ತಮ್ಮನ ಮಗಳು ಪದ್ಮಿನಿಯಲ್ಲ. ಗೂಡು ತೆರೆದವಳು ನಾನು, ಅವಳ ಸೋದರತ್ತೆ — ತೆರೆದು, ತಪ್ಪನ್ನು ಆ ಪುಟ್ಟ ಹುಡುಗಿಯ ತಲೆಗೆ ಕಟ್ಟಿದವಳೂ ನಾನೇ.

ಮಲಯಾಳ ಸೀಮೆಯ ಪುಲ್ಪಳ್ಳಿಯ ಹತ್ತಿರ, ಮೆಣಸು ಕಾಫಿಯ ನಡುವೆ ನಮ್ಮ ಮನೆ. ನಾವು ಜೈನರು; ಬೋನಿಗೆ ಬಿದ್ದ ಇಲಿಯನ್ನೂ ಕೊಲ್ಲದೆ ತೋಡಿನ ಆಚೆ ಬಿಟ್ಟುಬರುವವರು. ಅಂಥ ಮನೆಯಲ್ಲಿ ಪದ್ಮಿನಿ ಎರಡು ಬಿಳಿ ಇಲಿ ಸಾಕಿದಳು. ಸಾಲದ್ದಕ್ಕೆ ಪೇಟೆಯಿಂದ ಮೂರನೆಯದೂ ಬಂತು, ಬೂದು ಬಣ್ಣದ್ದು. ಅದಕ್ಕೆ ಬೇರೆ ಗೂಡು, ಬೇರೆ ಕೋಣೆ. ಇವು ಮಲಗಿದ ಬಟ್ಟೆ ಅದಕ್ಕೆ, ಅದು ಮಲಗಿದ್ದು ಇವಕ್ಕೆ — ವಾಸನೆ ಪಳಗಲಿ ಎಂದು. ನಮ್ಮನೆಯ ಬಾಣಂತಿಯರಿಗೂ ಇಷ್ಟು ಆರೈಕೆ ನಡೆದಿರಲಿಲ್ಲ!

"ಪರಿಚಯ ಆಗ್ದೆ ಒಟ್ಟಿಗೆ ಬಿಡ್ಬಾರ್ದು ಅತ್ತೆ, ಕಚ್ಚಿ ಹಾಕ್ತವೆ" ಎಂದಿದ್ದಳು.

ನಾನು ಕೇಳಬೇಕಲ್ಲ. ಬಂದವರನ್ನು ಬೇರೆ ಕೂರಿಸಿ ಉಣಿಸುವ ಮನೆಯೇ ಇದು? ಒಂದೇ ಪಂಕ್ತಿಯಲ್ಲಿ ಉಂಡರೆ ಪರಿಚಯ ತಾನಾಗಿ ಆಗುತ್ತದೆ — ಹೀಗೆಂದುಕೊಂಡು, ಅವಳು ಶಾಲೆಯಿಂದ ಬರುವ ಮೊದಲೇ ಹೊಸದನ್ನು ಹಳೆಯವುಗಳ ಗೂಡಿಗೆ ಬಿಟ್ಟು, ನಡುವೆ ಒಂದು ಬಟ್ಟಲು ಅನ್ನ ಇಟ್ಟೆ. ಅನ್ನವನ್ನು ಯಾವುದೂ ಮೂಸಲಿಲ್ಲ. ಎರಡೂ ಸೇರಿ ಹೊಸದರ ಮೇಲೆ ಬಿದ್ದವು. ಕಿರುಚಾಟ, ರಕ್ತ — ಗಾಬರಿಯಲ್ಲಿ ಬಾಗಿಲು ತೆರೆದೆ. ಕಿವಿ ಹರಿದ ಬೂದು ಇಲಿ ನನ್ನ ಕೈ ದಾಟಿ, ಅಂಗಳ ದಾಟಿ, ಕಾಫಿ ಗಿಡಗಳೊಳಗೆ ಹೋಯಿತು.

ಬೂದು ಇಲಿಯ ಖಾಲಿ ಗೂಡಿನ ಮುಂದೆ ನಿಂತ ಪದ್ಮಿನಿಗೆ, ಮಗಳೇ ಎಂದು ಅಕ್ಕರೆಯಿಂದಲೇ ಹೇಳಿದೆ: "ಬೆಳಿಗ್ಗೆ ನೀನೇ ಕೊಂಡಿ ಹಾಕ್ದೆ ಹೋಗಿದ್ದೆ, ಮೋಳೇ."

ನಂಬಿದಳು. ಕತ್ತಲಾಗುವವರೆಗೂ ಗಿಡಗಳ ಬುಡದಲ್ಲಿ ಹುಡುಕಿದಳು. ಹೊತ್ತು ಮುಳುಗಿದ ಮೇಲೆ ನಮ್ಮಲ್ಲಿ ಊಟವಿಲ್ಲ, ಹಸಿದೇ ಮಲಗಿದಳು. ಉಳಿದೆರಡನ್ನೂ ಗೆಳತಿಗೆ ಕೊಟ್ಟುಬಿಟ್ಟಳು.

ಕ್ಷಮಾವಣಿಯ ದಿನ ನಾವು ಒಬ್ಬರನ್ನೊಬ್ಬರು ಕ್ಷಮೆ ಕೇಳುವ ರೂಢಿ — ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ. ವರ್ಷವರ್ಷವೂ ಅವಳಿಗೆ ಕೈಮುಗಿದೆ. ತಿಳಿದೇ ಮಾಡಿದ್ದನ್ನು ತಿಳಿಯದ್ದರ ರಾಶಿಯಲ್ಲಿ ಸೇರಿಸಿ ದಾಟಿಸಿಬಿಟ್ಟೆ. ಏನೆಂದು ಗೊತ್ತಿಲ್ಲದೆಯೇ ಅವಳು ಕ್ಷಮಿಸುತ್ತಿದ್ದಳು. ಯಾರಾದರೂ ಕೊಂಡಿ ಎಂದರೆ ಸಾಕು, ಕುಂಬಳಕಾಯಿ ಕಳ್ಳನಂತೆ ನಾನು ಹೆಗಲು ಮುಟ್ಟಿ ನೋಡಿಕೊಳ್ಳುತ್ತಿದ್ದೆ.

ಈ ಸಲದ ಕ್ಷಮಾವಣಿಗೆ ಗಂಡನ ಮನೆಯಿಂದ ಬಂದಾಗ ಪದ್ಮಿನಿ ಬಸುರಿ. "ಒಂದು ಇಲಿಗೆ ಕೊಂಡಿ ಹಾಕಕ್ಕೆ ಆಗ್ದೋಳು, ಮಗೂನ ಹೆಂಗೆ ನೋಡ್ಕೊಳ್ಳೋದು ಅತ್ತೆ?" ನಗುತ್ತಲೇ ಕೇಳಿದಳು. ಕೈ ಮಾತ್ರ ಹೊಟ್ಟೆಯನ್ನು ಬಿಗಿಯಾಗಿ ಹಿಡಿದಿತ್ತು. ನನಗೆ ತಡೆಯಲಾಗಲಿಲ್ಲ — ಎಲ್ಲ ಹೇಳಿದೆ.

ನನ್ನ ಕಡೆ ತಿರುಗಿ ಕೂತಳು.

"ಹಂಗಾದ್ರೆ ಕೊಂಡಿ ನಾ ಹಾಕಿದ್ದೆ?"

"ಹಾಕಿದ್ದೆ ಮೋಳೇ. ಭದ್ರವಾಗೇ ಹಾಕಿದ್ದೆ."

ಅತ್ತಳು, ಅಳುತ್ತಲೇ ನಕ್ಕಳು. ನನ್ನ ಎದೆಯೂ ಹಗುರಾಯಿತು — ನಾಚಿಕೆಯಾಗುವಷ್ಟು ಹಗುರ. ಕ್ಷಮಿಸಿದೆ ಎಂದು ಅವಳು ಹೇಳಲಿಲ್ಲ. ಕೇಳುವ ಬಾಯಿ ನನಗೂ ಇರಲಿಲ್ಲ.

ಹೊತ್ತು ಮುಳುಗುವ ಮುಂಚೆ ಎಲೆ ಹಾಕಿ ಕರೆದೆ. ಬಂದು ಕೂತು, ಎರಡು ಸಲ ಅನ್ನ ಹಾಕಿಸಿಕೊಂಡು ಉಂಡಳು.