ಶಾಲೆಗೆ ಕೊಟ್ಟ ಅಕ್ಕನ ಸೀರೆ

ರೇಷ್ಮೆಗೂಡು ಬೇಯುವ ವಾಸನೆಯನ್ನು ಗೊತ್ತಿಲ್ಲದವರಿಗೆ ಹೇಳಿ ತಿಳಿಸುವುದು ಕಷ್ಟ. ಕುದಿಯುವ ನೀರಿನಲ್ಲಿ ಗೂಡು ಮಗುಚುವಾಗ ಏಳುವ ಹಬೆ ಮೂಗಿಗೆ ಬಡಿದರೆ ಹೊಸಬರು ಕರವಸ್ತ್ರ ಹುಡುಕುತ್ತಾರೆ. ನಾನು ನಿಂತುಬಿಡುತ್ತೇನೆ. ಮೊನ್ನೆ ಕೊಳ್ಳೇಗಾಲದ ಒಂದು ಸಂದಿಯಲ್ಲಿ ಹಾಗೇ ನಿಂತೆ. ಜೊತೆಯಲ್ಲಿದ್ದ ವ್ಯಾಪಾರಿ, ವಾಸನೆಗೂ ರೇಟು ಕಟ್ಟುತ್ತಿದ್ದೀರಾ ಎಂದು ಹಾಸ್ಯ ಮಾಡಿದ. ನಾನು ನೆನೆಯುತ್ತಿದ್ದುದು ನನ್ನ ಅಕ್ಕನ ಕೈಗಳನ್ನು...

ಅಪ್ಪ ತೀರಿಕೊಂಡಾಗ ಅಕ್ಕ ಏಳನೇ ಕ್ಲಾಸು ಮುಗಿಸಿದ್ದಳು. ಶಾಲೆ ಬಿಟ್ಟು ನೂಲು ತೆಗೆಯುವ ಕೆಲಸಕ್ಕೆ ಸೇರಿದಳು. ದಿನವಿಡೀ ಬಿಸಿನೀರಲ್ಲಿ ಕೈಯಾಡಿಸಿ ಬೆರಳ ತುದಿಗಳು ಬೆಳ್ಳಗೆ ಸುಕ್ಕುಗಟ್ಟಿರುತ್ತಿದ್ದವು. ಹುಣಸೆಹಣ್ಣು, ನಿಂಬೆಹೋಳು ಏನು ಹಾಕಿ ಉಜ್ಜಿದರೂ ವಾಸನೆ ಬಿಡುತ್ತಿರಲಿಲ್ಲ. ಆದರೆ ಶಾಲೆಯ ಮಾತು ಬಂದರೆ ಸಾಕು, ಅವಳ ಮುಖವೇ ಬೇರೆಯಾಗುತ್ತಿತ್ತು. ಕೊನೆಯ ವರ್ಷದ ವಾರ್ಷಿಕೋತ್ಸವದಲ್ಲಿ ಅವಳು ರಾಣಿಯ ಪಾರ್ಟು ಮಾಡಿದ್ದಳು. ನಮ್ಮ ಮನೆಯಲ್ಲಿ ರೇಷ್ಮೆ ಸೀರೆ ಎಲ್ಲಿಂದ ಬರಬೇಕು? ಮೇಷ್ಟ್ರು ಪೇಟೆಯ ಯಾರದೋ ಮನೆಯಿಂದ ಎರವಲು ತಂದಿದ್ದರು. ಸುಕ್ಕಾದರೆ ಏನು ಗತಿ ಅಂತ ಅಕ್ಕ ಸಿಂಹಾಸನದಲ್ಲಿ ಕೂರಲೇ ಇಲ್ಲ. ನಾಟಕ ಪೂರ್ತಿ ನಿಂತೇ ರಾಜ್ಯಭಾರ ಮಾಡಿದಳು. ಊರವರೆಲ್ಲ "ಕೂತ್ಕಳವ್ವ ರಾಣಿ, ಕಾಲು ನೋಯ್ತವೆ" ಎಂದು ಕೂಗುತ್ತಿದ್ದರಂತೆ. ಇದನ್ನು ಹೇಳಿ ಹೇಳಿ ನಗುತ್ತಿದ್ದಳು.

ಎಂಬತ್ತರ ದಶಕದಲ್ಲಿ ನಾನು ಹನೂರು, ರಾಮಾಪುರದ ಕಡೆಯ ರೈತರಿಂದ ಗೂಡು ಖರೀದಿಸಿ ಬಸ್ಸಿನ ಮೇಲೆ ಹೇರಿಕೊಂಡು ಕೊಳ್ಳೇಗಾಲಕ್ಕೆ ತರುತ್ತಿದ್ದೆ. ಚೌಕಾಸಿ ಕಲಿತದ್ದು ಅಲ್ಲೇ. ಅಕ್ಕ ಕೂಲಿಯಲ್ಲಿ ಉಳಿಸಿ ತನಗೊಂದು ರೇಷ್ಮೆ ಸೀರೆ ಕೊಳ್ಳಲು ಹೊರಟಾಗ ನನ್ನನ್ನು ಕರೆದುಕೊಂಡು ಹೋದದ್ದೂ ಅದಕ್ಕೇ. ಕುಂಕುಮದ ಬಣ್ಣ, ಗಿಳಿಹಸಿರಿನ ಅಂಚು. ಮಗ್ಗದ ಮನೆಯಲ್ಲಿ ಕೂತು ನಾನು ಬೆಲೆ ಇಳಿಸುತ್ತಲೇ ಇದ್ದೆ. ಅಕ್ಕ ತೊಡೆ ಚಿವುಟಿದಳು.

"ನೇಯ್ದೋರ ಮುಂದೆ ಅಂಗೆ ಎಳೀಬ್ಯಾಡ ಕಣ್ಲಾ. ಈ ನೂಲು ತೆಗ್ದೋಳು ನಾನೇ ಇರಬೌದು."

ಆ ಸೀರೆಯನ್ನು ಅವಳು ಉಟ್ಟದ್ದಕ್ಕಿಂತ ಬೇರೆಯವರು ಉಟ್ಟದ್ದೇ ಹೆಚ್ಚು. ನಮ್ಮ ಬೀದಿಯ ಯಾವ ಹುಡುಗಿಯನ್ನು ನೋಡಲು ಗಂಡಿನ ಕಡೆಯವರು ಬಂದರೂ ಅಕ್ಕ ಸೀರೆ ಹಿಡಿದು ಹೋಗುತ್ತಿದ್ದಳು. ಬಾಯಲ್ಲಿ ಪಿನ್ನು ಕಚ್ಚಿಕೊಂಡು, ನೆರಿಗೆ ಹಿಡಿದು, ತಾನೇ ಉಡಿಸುತ್ತಿದ್ದಳು. ಆ ಸೀರೆ ಉಟ್ಟರೆ ಸಂಬಂಧ ಕೂಡಿಬರುತ್ತದೆ ಎಂಬ ಹೆಸರೇ ಬಂತು. ಅವಳೂ ಒಮ್ಮೆ ಅದನ್ನುಟ್ಟು ಸತ್ತೇಗಾಲದಿಂದ ಬಂದ ಗಂಡಿನ ಕಡೆಯವರ ಮುಂದೆ ಕಾಫಿ ಲೋಟ ಹಿಡಿದು ನಿಂತಿದ್ದಳು. ಲೋಟ ತೆಗೆದುಕೊಂಡ ಹೆಂಗಸು ಮೂಗು ಸುಕ್ಕಿಸಿದ್ದನ್ನು ನಾನು ನೋಡಿದೆ. ಅಕ್ಕನೂ ನೋಡಿದಳು. ಆಮೇಲೆ ಯಾರನ್ನೂ ಕರೆಸಲು ಅವಳು ಒಪ್ಪಲಿಲ್ಲ...

ಕಾಮಾಲೆಯಲ್ಲಿ ಅಕ್ಕ ಹೋದಳು. ಸೀರೆ ಟ್ರಂಕಿನಲ್ಲಿ ಉಳಿಯಿತು. ಒಂದು ಮಾತು ಹೇಳುತ್ತೇನೆ, ನೆನಪಿಟ್ಟುಕೊಳ್ಳಿ: ರೇಷ್ಮೆಗೆ ನುಸಿಗುಳಿಗೆ ಹಾಕಬೇಡಿ, ಜರಿ ಕಪ್ಪಾಗುತ್ತದೆ. ಹಳೇ ಬಿಳಿ ಪಂಚೆಯಲ್ಲಿ ಸುತ್ತಿಟ್ಟು ಆಗಾಗ ಮಡಿಕೆ ಬದಲಿಸಿ. ನಾನು ಹಾಗೇ ಮಾಡುತ್ತಿದ್ದೆ. ಒಮ್ಮೆ ಮಡಿಕೆ ಬದಲಿಸುವಾಗ, ಉಡುವವರಿಲ್ಲದ ಸೀರೆಗೆ ಈ ಉಪಚಾರ ಯಾಕೆ ಅನ್ನಿಸಿತು. ಅವಳ ಶಾಲೆಗೆ ಕೊಡೋಣ, ರಾಣಿ ಪಾರ್ಟು ಮಾಡುವ ಹುಡುಗಿಯರು ಎರವಲು ಸೀರೆಗೆ ಹೆದರಿ ನಿಲ್ಲುವುದು ಬೇಡ ಎಂದುಕೊಂಡೆ.

ಆಗ ಹೆಡ್‌ಮಿಸ್ಸು ಯಳಂದೂರಿನಿಂದ ಬಸ್ಸಿನಲ್ಲಿ ಬಂದುಹೋಗುತ್ತಿದ್ದವರು. ತುಂಬ ಸಂತೋಷಪಟ್ಟರು. ಗಾಜಿನ ಬೀರುವಿನಲ್ಲಿ ಇಡುತ್ತೇವೆ, ಕೆಳಗೆ ಅಕ್ಕನ ಹೆಸರಿನ ಬೋರ್ಡು ಬರೆಸುತ್ತೇವೆ ಎಂದರು. ಬೋರ್ಡು ಬೇಕು, ಆದರೆ ಸೀರೆ ಬೀರುವಿನಲ್ಲಿ ಕೂರಬಾರದು, ಪ್ರತಿ ವರ್ಷ ಹುಡುಗಿಯರು ಉಡಬೇಕು ಎಂದು ನಾನು ಪಟ್ಟು ಹಿಡಿದೆ. ಎರಡಕ್ಕೂ ಒಪ್ಪಿದರು. ವ್ಯಾಪಾರ ಗೆದ್ದೆ ಅಂದುಕೊಂಡೆ.

ಆ ವರ್ಷ ರಾಣಿಯ ಪಾರ್ಟು ಸಿಕ್ಕಿದ್ದು ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದ ಹೆಂಗಸಿನ ಮಗಳಿಗೆ. ಆ ಹೆಂಗಸು ನಮ್ಮ ಬೀದಿಯವಳೇ. ಗಂಡಿನ ಕಡೆಯವರು ಅವಳನ್ನು ನೋಡಿ ಒಪ್ಪಿದ್ದೂ ಆ ಸೀರೆಯಲ್ಲೇ. ಸೀರೆ ಕಂಡವಳೇ ಹಿಂದೆ ಸರಿದಳು.

"ಬ್ಯಾಡ ಕಣಣ್ಣ. ಅಕ್ಕ ಇದ್ದಾಗ ಬೇರೆ. ಮದ್ವೆ ಕಾಣ್ದೆ ಕಣ್ಮುಚ್ಚಿದೋಳ ಸೀರೆನ ಬೆಳೆಯೋ ಮಗೀಗೆ ಎಂಗೆ ಉಡ್ಸನ?"

ನನಗೆ ರೇಗಿತು. "ನಿಂಗೆ ಮದ್ವೆ ಕೂಡಿದ್ದೇ ಈ ಸೀರೇಲಿ ಕಣವ್ವ."

"ಅದ್ಕೇ ಭಯ ಕಣಣ್ಣ," ಎಂದು ಅವಳು ಸೆರಗಲ್ಲಿ ಕಣ್ಣೊರೆಸಿಕೊಂಡಳು. "ಅವ್ಳಿಗೆ ಬರಬೇಕಾದ್ದ ನಾವೆಲ್ಲ ತಕಂಡ್ವೇನೋ ಅನ್ನುಸ್ತದೆ."

ಉಳಿದ ತಾಯಂದಿರೂ ಹೌದೆಂದು ತಲೆಯಾಡಿಸಿದರು. ಹೆಡ್‌ಮಿಸ್ಸು ನನ್ನನ್ನು ಪಕ್ಕಕ್ಕೆ ಕರೆದು, ಬಲವಂತ ಬೇಡ, ಹೆಸರಿನ ಬೋರ್ಡಿನ ಜೊತೆ ಬೀರುವಿನಲ್ಲೇ ಇರಲಿ, ಅದೂ ಗೌರವವೇ ಎಂದು ಸಮಾಧಾನ ಮಾಡಿದರು. ಗೌರವವೇ, ಇಲ್ಲ ಅನ್ನುವುದಿಲ್ಲ. ಆದರೆ ಬೀದಿಯ ಮನೆಮನೆ ತಿರುಗಿದ ಸೀರೆಯನ್ನು ಗಾಜಿನೊಳಗೆ ಕೂಡಿಹಾಕುವುದಕ್ಕೆ ಮನಸ್ಸು ಒಗ್ಗಲಿಲ್ಲ.

ಊರಮ್ಮನಿಗೆ ಉಡಿಸಿದ ಸೀರೆಯನ್ನು ನಮ್ಮ ಕಡೆ ಹೆಂಗಸರು ಪ್ರಸಾದವೆಂದು ಉಡುತ್ತಾರೆ. ನಾನು ನೇರ ಗುಡಿಯ ಪೂಜಾರಿಯ ಹತ್ತಿರ ಹೋದೆ. ಒಬ್ಬರು ಉಟ್ಟದ್ದನ್ನು ಅಮ್ಮನಿಗೆ ಉಡಿಸುವಂತಿಲ್ಲ ಎಂದು ಆತ ಕೈಯಾಡಿಸಿಬಿಟ್ಟ. ಉಡಿಸಬೇಡಿ, ಪಾದದ ಹತ್ತಿರ ಇಟ್ಟು ಅರಿಸಿನದ ನೀರು ಚಿಮುಕಿಸಿ ಸಾಕು ಎಂದೆ. ಅಕ್ಕ ಅದನ್ನು ಯಾರಿಗೆಲ್ಲ ಉಡಿಸಿದ್ದಳು ಎಂದು ಹೇಳಿದೆ. ಅವನ ತಂಗಿಯ ಹೆಸರು ಬಂದಾಗ ಪೂಜಾರಿ ಸೀರೆಗೆ ಕೈ ಚಾಚಿದ.

"ಪಾದದಲ್ಲಿ ಇಡ್ತೀನಿ ಸಾ. ಆಮೇಲೆ ಅದು ಅಮ್ಮಂದು. ಅಕ್ಕಂದು ಅಂತ ನೀವು ಎಲ್ಲೂ ಅನ್ನಂಗಿಲ್ಲ. ಅಂದ್ರೆ ಯಾರೂ ಉಡಕಿಲ್ಲ."

ಬದುಕಿನುದ್ದಕ್ಕೂ ಕೊನೆಯ ಮಾತು ನನ್ನದೇ ಆಗುವಂತೆ ನೋಡಿಕೊಂಡವನು ನಾನು. ಅಂದು ಎದುರಾಡಲಿಲ್ಲ. ಶಾಲೆಗೆ ಹೋದಾಗ ಪೇಂಟರು ಬೋರ್ಡಿನ ಮೇಲೆ ಸೀಮೆಸುಣ್ಣದಲ್ಲಿ ಅಕ್ಕನ ಹೆಸರು ಗುರುತು ಹಾಕಿಟ್ಟು ಊಟಕ್ಕೆ ಹೋಗಿದ್ದ. ಹೆಡ್‌ಮಿಸ್ಸಿಗೆ ಬೋರ್ಡು ಬೇಡವೆಂದು ಹೇಳಿ, ಒದ್ದೆ ಬಟ್ಟೆ ಕೇಳಿ ತೆಗೆದುಕೊಂಡು ನಾನೇ ಒರೆಸಿದೆ. ಒರೆಸುವ ಮೊದಲು ಹೆಸರನ್ನು ಎರಡು ಸಲ ಓದಿಕೊಂಡೆ, ಸುಳ್ಳೇಕೆ ಹೇಳಲಿ...

ದಾನ ಕೊಡುವವರು ಹೆಸರು ಕೆತ್ತಿಸಿ, ತಪ್ಪಿಲ್ಲ; ನಾನೇ ಎಷ್ಟೋ ಜನರಿಗೆ ಹಾಗೆ ಸಲಹೆ ಕೊಟ್ಟಿದ್ದೇನೆ. ಆದರೆ ಕೊಟ್ಟ ವಸ್ತು ಬಳಕೆಗೆ ಬರಬೇಕೋ, ಹೆಸರು ಉಳಿಯಬೇಕೋ ಎಂದು ಮೊದಲೇ ಯೋಚಿಸಿಕೊಳ್ಳಿ. ಎರಡೂ ಸಿಕ್ಕರೆ ನಿಮ್ಮ ಪುಣ್ಯ.

ಗುಡಿಯಿಂದ ಅಮ್ಮನ ಪ್ರಸಾದವಾಗಿ ಶಾಲೆಗೆ ಬಂದ ಸೀರೆಯನ್ನು ಬಿಸಿಯೂಟದವಳು ಕಣ್ಣಿಗೊತ್ತಿಕೊಂಡು ಮಗಳಿಗೆ ತಾನೇ ಉಡಿಸಿದಳು. ಪಿನ್ನನ್ನು ಬಾಯಲ್ಲಿ ಕಚ್ಚಿಕೊಂಡು, ನೆರಿಗೆಯನ್ನು ಬೆರಳಲ್ಲಿ ಒಂದೊಂದೇ ಎಣಿಸಿ. ಅದನ್ನು ಯಾರಿಂದ ಕಲಿತಳೆಂದು ಅವಳಿಗೂ ಗೊತ್ತು, ನನಗೂ ಗೊತ್ತು.

ಈ ವರ್ಷದ ವಾರ್ಷಿಕೋತ್ಸವಕ್ಕೂ ಹೋಗಿದ್ದೆ. ಬಿಸಿಯೂಟದವಳ ಮಗಳು ಹೈಸ್ಕೂಲಿಗೆ ಹೋಗಿಯಾಯಿತು, ಈಗಿನ ಮಕ್ಕಳಲ್ಲಿ ಅಕ್ಕ ಯಾರೆಂದು ಬಲ್ಲವರು ಒಬ್ಬರೂ ಇಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದ ನನ್ನ ಹತ್ತಿರ ಹೊಸ ರಾಣಿ, ತುಟಿಗೆ ಬಣ್ಣ ಬಳಿದುಕೊಂಡು, ನೆರಿಗೆ ಎತ್ತಿ ಹಿಡಿದು ಓಡಿಬಂದಳು. ಎಲ್ಲರಿಗೂ ಸೆರಗು ಮುಟ್ಟಿಸಿಕೊಂಡು ಬರುತ್ತಿದ್ದಳು.

"ಕಣ್ಗೊತ್ಕಳಿ ಸಾ, ಅಮ್ಮನ ಸೀರೆ. ಒಳ್ಳೇದಾಯ್ತದೆ."

ಸೆರಗನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡೆ. ಹಾಗೇ ಇದ್ದುಬಿಟ್ಟೆ ಅಂತ ಕಾಣುತ್ತದೆ...

"ಸಾಕು ಬುಡಿ ಸಾ, ನಾಟ್ಕಕ್ಕೆ ಕರೀತಾವ್ರೆ," ಎಂದು ಹುಡುಗಿ ಸೆರಗು ಬಿಡಿಸಿಕೊಂಡು ಓಡಿದಳು.